ಕಲಿಪಾ ಎಜೆ ಅಳಿಸಿದ ಸಾಲು

ಕಲಿಪಾ ಎಜೆಯ, ಅಂದರೆ ಕಲಿಪಾ ಅಕ್ಕನ, ಪರಿಚಯ ನನಗೆ ಜಗಳದಿಂದಲೇ ಆದದ್ದು. ನಾನು ಬರೆದ ಒಂದು ಸಾಲನ್ನು ಅವರು ಹನ್ನೊಂದು ನಿಮಿಷದಲ್ಲಿ ಅಳಿಸಿ ಹಾಕಿದ್ದರು. ಅಷ್ಟು ಹೊತ್ತಿನಲ್ಲಿ ನಾನು ಮಗುವಿನ ಒದ್ದೆ ಬಟ್ಟೆಯನ್ನೂ ಬದಲಾಯಿಸಿ ಮುಗಿಸಿರಲಿಲ್ಲ.

ಆಗ ನನ್ನ ಮಗಳು ಸಾಲ್ಕಿನ್ ಹುಟ್ಟಿ ಇಪ್ಪತ್ತಾರು ದಿನ. ನಲವತ್ತು ದಿನ ತುಂಬಿದ ಮರುದಿನ ಅವಳನ್ನು ನಮ್ಮ ಕಡೆಯ ಮರದ ತೊಟ್ಟಿಲಾದ ಬೇಶಿಕ್‌ಗೆ ಹಾಕುವುದೆಂದು ನನ್ನ ಅತ್ತೆ ಸಬೀರಾ ಅಪಾ ಗೊತ್ತು ಮಾಡಿ, ಕರೆಯಬೇಕಾದವರಿಗೆಲ್ಲ ಫೋನ್ ಮಾಡಿ ಆಗಿತ್ತು. ಬೇಶಿಕ್ ನರೀನ್‌ನಿಂದ ನೆಂಟರ ಕಾರಿನ ತಲೆಯ ಮೇಲೆ ಕೂತು ಬಂದು, ಬಿಶ್ಕೆಕ್‌ನ ನಮ್ಮ ಐದನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಬಿಸಿಲು ಕಾಯುತ್ತಿತ್ತು. ನನ್ನ ಗಂಡ ತಾಲಂತ್, ಅವನ ಅಕ್ಕ, ತಮ್ಮಂದಿರು, ನಾಲ್ವರೂ ಅದರಲ್ಲಿ ಮಲಗಿಯೇ ದೊಡ್ಡವರಾದವರು. ಮಗುವನ್ನು ಅಂಗಾತ ಮಲಗಿಸಿ, ಕೈಗಳನ್ನು ಪಕ್ಕಕ್ಕೆ ಒತ್ತಿ, ಕಾಲುಗಳನ್ನು ಜೋಡಿಸಿ ನೇರಕ್ಕೆಳೆದು, ಅಂಗೈಯಗಲದ ಪಟ್ಟಿಯಿಂದ ಎದೆಗೊಂದು ಕಟ್ಟು, ಮಂಡಿಗೊಂದು ಕಟ್ಟು. ಕಟ್ಟಿದ ಮೇಲೆ ಮಗು ಕದಲುವ ಹಾಗಿಲ್ಲ. ಹಾಗಾಗಿಯೇ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

ನನ್ನ ಭಯ ಆ ಎರಡನೇ ಕಟ್ಟಿನದು. ಸ್ನಾನ ಮಾಡಿಸುವಾಗ ಸಾಲ್ಕಿನ್‌ಳ ಬಲತೊಡೆಯಲ್ಲಿ ಮೂರು ಮಡಿಕೆ, ಎಡತೊಡೆಯಲ್ಲಿ ಎರಡೇ. ಎಣಿಸಿದೆ, ಒರೆಸಿ ಮತ್ತೆ ಎಣಿಸಿದೆ. ತಿಂಗಳ ತಪಾಸಣೆಗೆಂದು ಮನೆಗೆ ಬಂದ ಪಾಲಿಕ್ಲಿನಿಕ್‌ನ ಡಾಕ್ಟರಮ್ಮ ಅವಳ ಮಂಡಿಗಳನ್ನು ಮಡಚಿ ಅಗಲಿಸಿ ನೋಡಿ, "ಬಲಗಡೆ ಸೊಂಟದ ಕೀಲು ಸ್ವಲ್ಪ ಬಿಗಿ ಅನ್ಸುತ್ತೆ. ಏನೂ ಇಲ್ದೇನೂ ಇರ್ಬಹುದು. ಎರಡು ತಿಂಗಳು ತುಂಬ್ಲಿ, ಅಲ್ಟ್ರಾಸೌಂಡ್ ಮಾಡಿಸಿ," ಎಂದು ಚೀಟಿ ಬರೆದುಕೊಟ್ಟು, ಶೂ ಹಾಕಿಕೊಂಡು ಹೊರಟೇಬಿಟ್ಟರು. ಚೀಟಿಯಲ್ಲಿ ಬರೆದ ಅಲ್ಟ್ರಾಸೌಂಡ್ ದಿನಕ್ಕೂ ಬೇಶಿಕ್‌ನ ದಿನಕ್ಕೂ ನಡುವೆ ಇಪ್ಪತ್ತು ದಿನ. ಆ ಇಪ್ಪತ್ತು ದಿನ ನನ್ನ ಮಗಳ ಕಾಲು ಕಟ್ಟಿರಬೇಕೇ, ಬಿಟ್ಟಿರಬೇಕೇ ಎಂಬುದೊಂದೇ ನನ್ನ ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

"ಅಪಾ, ಅಲ್ಟ್ರಾಸೌಂಡ್ ಆಗೋವರೆಗೂ ತಡೆಯೋಣ," ಎಂದೆ.

"ಜನ ಕರೆದಾಗಿದೆ, ಬಾಲಮ್," ಎಂದರು. ನನ್ನನ್ನು 'ಬಾಲಮ್' ಎಂದು, ಅಂದರೆ ನನ್ನ ಮಗುವೇ ಎಂದು, ಅತ್ತೆ ಕರೆದರೆ ಮಾತು ಮುಗಿಯಿತು ಎಂದೇ ಲೆಕ್ಕ. ಆದರೂ ಅಡುಗೆಮನೆಯ ಗೋಡೆಯತ್ತ ಬೆರಳು ತೋರಿಸಿದರು. "ನಾನು ಹೇಳಿದ್ರೆ ಹಳ್ಳಿ ಮುದುಕಿ ಮಾತು ಅಂತೀಯ. ಅಲ್ಲಿ ನೋಡು. ವಿಜ್ಞಾನಿಗಳೇ ಹೇಳಿದಾರೆ."

ಮಕ್ಕಳ ಬಟ್ಟೆಯಂಗಡಿಯವರು ಕೊಟ್ಟ ಕ್ಯಾಲೆಂಡರ್ ಅದು. ನಗುವ ಮಗುವಿನ ಚಿತ್ರದ ಕೆಳಗೆ ಅಚ್ಚಾಗಿತ್ತು: 'ಬೇಶಿಕ್‌ನಲ್ಲಿ ಕಾಲುಗಳನ್ನು ನೇರವಾಗಿ ಬಿಗಿದು ಮಲಗಿಸಿದ ಮಗುವಿನ ಕಾಲೂ ಸೊಂಟವೂ ನೆಟ್ಟಗೆ, ಗಟ್ಟಿಯಾಗಿ ಬೆಳೆಯುತ್ತವೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ.'

ಓಶ್ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ ತಾಲಂತ್‌ಗೆ ಫೋನ್ ಮಾಡಿದೆ. "ನಾನೂ ಅದ್ರಲ್ಲೇ ಮಲಗಿದ್ದೆ ಕಣೇ. ನನ್ನ ಕಾಲಿಗೇನಾಗಿದೆ? ಆಕ್ಸಿಲರೇಟರ್ ಒತ್ತಲ್ವಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲದ ವಿಶ್ವಕೋಶವನ್ನು ತೆರೆದೆ. ಕಿರ್ಗಿಜ್ ಭಾಷೆಯ ಪುಟ, ಶೀರ್ಷಿಕೆ 'ಬೇಶಿಕ್'. ಅಲ್ಲೂ ಅದೇ ಸಾಲು, ಒಂದಕ್ಷರ ಆಚೀಚೆ ಇಲ್ಲ. ಕೆಳಗೆ ಆಧಾರವೆಂದು ಒಂದು ಪತ್ರಿಕೆಯ ಹೆಸರು. ನನಗೆ ಮೈ ಉರಿದುಹೋಯಿತು. ಸಾಲ್ಕಿನ್‌ಳನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯ ಹೆಬ್ಬೆರಳಿನಲ್ಲಿ ಹುಡುಕಿ ಹುಡುಕಿ ಇಂಗ್ಲಿಷಿನ ಒಂದು ಅಧ್ಯಯನ ಹಿಡಿದೆ. ಪೂರ್ತಿ ಲೇಖನ ಓದಲು ದುಡ್ಡು ಕೇಳುತ್ತಿತ್ತು. ಮೇಲಿನ ಹತ್ತು ಸಾಲಿನ ಸಾರಾಂಶ ಸಾಕೆನಿಸಿತು. 'ಬೇಶಿಕ್ ಮಗುವಿನ ಸೊಂಟದ ಕೀಲನ್ನು ಹಾಳು ಮಾಡುತ್ತದೆ ಎಂದು ವೈದ್ಯಕೀಯ ಸಂಶೋಧನೆ ಸಾಬೀತುಪಡಿಸಿದೆ' ಎಂದು ಬರೆದು, ಅಧ್ಯಯನದ ಕೊಂಡಿ ಸಿಕ್ಕಿಸಿದೆ. ಇನ್ನು ಅಪಾಗೆ ಇದನ್ನು ತೋರಿಸುವುದೊಂದೇ ಬಾಕಿ.

ಹನ್ನೊಂದು ನಿಮಿಷಕ್ಕೆ ಸಾಲು ಇಲ್ಲ. ತೆಗೆದವರು 'ಕಲಿಪಾ' ಎಂಬುವರು. ಕಾರಣ ಹೀಗೆ ಬರೆದಿದ್ದರು: 'ಒಂದೇ ಅಧ್ಯಯನ. ಮೂವತ್ತೆಂಟು ಮಕ್ಕಳು. ಅದೂ ಬೇಶಿಕ್ ಅಲ್ಲ, ಬೇರೆ ದೇಶದ ಬಟ್ಟೆಸುತ್ತು. ಪೂರ್ತಿ ಓದಿದ್ದೀರಾ?'

ಮತ್ತೆ ಹಾಕಿದೆ. ಮತ್ತೆ ತೆಗೆದರು. ಪುಟದ ಬೆನ್ನಿಗೇ ಒಂದು ಚರ್ಚೆಪುಟ ಇರುತ್ತದೆ, ಜಗಳವೆಲ್ಲ ಅಲ್ಲಿ. ಅಲ್ಲಿಗೆ ಹೋಗಿ ಕೂಗಾಡಿದೆ: 'ನಿಮಗೆ ಮಕ್ಕಳಿಲ್ಲವೇ? ನನ್ನ ಸಾಲು ತೆಗೆದಿರಿ, ಆ ಪತ್ರಿಕೆಯ ಸುಳ್ಳನ್ನು ಏಕೆ ಬಿಟ್ಟಿದ್ದೀರಿ? ನೀವು ನನ್ನ ಅತ್ತೆಯ ಕಡೆಯವರೇ?'

ಉತ್ತರ ಬಂತು: 'ಪತ್ರಿಕೆಯ ಸಾಲನ್ನು ನಿನ್ನೆ ತೆಗೆದಿದ್ದೆ. ಇಲ್ಲೇ ಬರೆಯುವ ಝೊರೊಬೆಕ್ ಅಗಾಯ್ ಬೆಳಿಗ್ಗೆ ವಾಪಸ್ ಹಾಕಿದ್ದಾರೆ. ಸಂಜೆ ಮತ್ತೆ ತೆಗೆಯುತ್ತೇನೆ. ಆರೋಗ್ಯದ ವಿಷಯಕ್ಕೆ ಪತ್ರಿಕೆಯೂ ಸಾಲದು, ಒಂಟಿ ಅಧ್ಯಯನವೂ ಸಾಲದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶಾ ಲೇಖನ ಬೇಕು. ನಿಮ್ಮ ಅತ್ತೆ ಯಾರೋ ನನಗೆ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ ಆರನೇ ಬಡಾವಣೆಯ ಗ್ರಂಥಾಲಯದಲ್ಲಿ ನಾವು ಕೆಲವರು ಸೇರುತ್ತೇವೆ. ಬನ್ನಿ, ಚಹಾ ಇರುತ್ತದೆ.'

ಆರನೇ ಬಡಾವಣೆ ನಮ್ಮ ಮನೆಯಿಂದ ಎರಡು ಬಸ್ ನಿಲ್ದಾಣದಷ್ಟು ದೂರ. ನಲವತ್ತು ತುಂಬದ ಮಗುವನ್ನು ಹೊಸಿಲು ದಾಟಿಸುವ ಹಾಗಿಲ್ಲ. ಪಾಲಿಕ್ಲಿನಿಕ್‌ನಿಂದ ಕಾಗದ ತರಬೇಕೆಂದು ಸುಳ್ಳು ಹೇಳಿ, ಹಾಲು ಕುಡಿಸಿ ಮಗುವನ್ನು ಅಪಾ ಕೈಗೆ ಕೊಟ್ಟು, ಎರಡು ಗಂಟೆಯೊಳಗೆ ಬರುತ್ತೇನೆಂದು ಹೊರಟೆ. ಬಸ್ಸಿನಲ್ಲಿ ನಾಲ್ಕು ಸಲ ಫೋನ್ ನೋಡಿದೆ.

ಎರಡನೇ ಮಹಡಿಯ ಓದುಕೋಣೆಯಲ್ಲಿ ಐದಾರು ಜನ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಮೇಜಿನ ತುಂಬ ಬೋರ್ಸೊಕ್ ಎಂಬ ಕರಿದ ಹಿಟ್ಟಿನ ತಿಂಡಿ ಹರಡಿತ್ತು. ಎಣ್ಣೆ ಕೈಯಲ್ಲೇ ಟೈಪ್ ಮಾಡುತ್ತಿದ್ದರು. ಕೆಟಲ್ ಹಿಡಿದು ನನ್ನ ಕಡೆ ಬಂದ ಹೆಂಗಸಿಗೆ ಅರವತ್ತು ದಾಟಿತ್ತು. ಪ್ರತಿ ಹೆಜ್ಜೆಗೂ ಬಲಗಡೆ ತಗ್ಗಿ, ಮತ್ತೆ ಮೇಲೆದ್ದು, ದೋಣಿ ತೇಲಿ ಬಂದ ಹಾಗೆ ಬಂದರು. ಅವರೇ ಕಲಿಪಾ ಎಜೆ.

"ನೀನೇನಾ ಮೂವತ್ತೆಂಟು ಮಕ್ಕಳ ತಾಯಿ?" ಎಂದರು. ಎಲ್ಲರೂ ನಕ್ಕರು. ಪೆರಿಜಾತ್ ಎಂದು ಹೆಸರು ಹೇಳಿಕೊಂಡೆ.

ಎದುರಿಗೆ ಬಿಳಿ ಕಲ್ಪಾಕ್ ಟೊಪ್ಪಿಯನ್ನು ತಲೆಯಿಂದ ತೆಗೆಯದೆ ಕೂತಿದ್ದವರು ಝೊರೊಬೆಕ್ ಅಗಾಯ್, ನಿವೃತ್ತ ಇತಿಹಾಸ ಮೇಷ್ಟ್ರು; ಅಗಾಯ್ ಎಂದರೇ ಮೇಷ್ಟ್ರು. "ಬಾರಮ್ಮ, ಬಾ. ನನ್ನೊಬ್ಬನ್ನೇ ಬೈದು ಬೈದು ಕಲಿಪಾಗೆ ಬೇಜಾರಾಗಿತ್ತು. ಈಗ ನೀನೂ ಸಿಕ್ಕಿದೆ."

"ಈ ಹುಡುಗಿ ಎರಡು ಸಲ ತಪ್ಪು ಮಾಡಿದಾಳೆ, ಅಗಾಯ್. ನೀವು ಹನ್ನೆರಡು ಸಲ."

"ತಪ್ಪಾ? ನಮ್ಮ ಅಜ್ಜ ಮುತ್ತಜ್ಜಂದಿರು ಬೇಶಿಕ್‌ನಲ್ಲಿ ಮಲಗಿ, ಎದ್ದು, ಕುದುರೆ ಹತ್ತಿದ್ರು. ಅದಕ್ಕಿಂತ ದೊಡ್ಡ ಆಧಾರ ಬೇಕೇನೇ ನಿಂಗೆ?"

"ಹತ್ತಿದವರನ್ನ ಎಣಿಸಿದೀರಿ. ಹತ್ತಕ್ಕಾಗದೇ ಮನೇಲಿ ಕೂತವರನ್ನ ಯಾರು ಎಣಿಸಿದ್ರು?"

ನನಗೆ ತಡೆಯಲಾಗಲಿಲ್ಲ. "ಎಜೆ, ನಿಮ್ಮ ಕಾಲು... ಬೇಶಿಕ್‌ನಿಂದಲೇ ಅಲ್ವಾ? ನೀವೇ ನನ್ನ ಸಾಲು ತೆಗೆದ್ರೆ ಹೆಂಗೆ?"

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ ನನ್ನ ಬಟ್ಟಲಿಗೆ ಹಾಲು ಬೆರೆಸುತ್ತಲೇ ಹೇಳಿದರು: "ನಮ್ಮಮ್ಮನಿಗೆ ನಾವು ಎಂಟು ಜನ. ಒಂದೇ ಬೇಶಿಕ್, ಒಂದೇ ಕೈ. ಏಳು ಜನ ನೆಟ್ಟಗೆ ನಡೀತಾರೆ. ಬಿಗಿಯಾಗಿ ಕಟ್ಟಿದ್ಕೇ ಕಲಿಪಾ ಕಾಲು ಹೀಗಾಯ್ತು ಅಂತಿದ್ರು ಅಕ್ಕಪಕ್ಕದೋರು. ನಮ್ಮಮ್ಮ, ಅಯ್ಯೋ ಇದೊಂದನ್ನ ಸಡಿಲ ಕಟ್ಟಿಬಿಟ್ಟೆ, ಅದಕ್ಕೇ ಹೀಗಾಯ್ತು ಅಂತ ಸಾಯೋವರ್ಗೂ ಅಳ್ತಿದ್ಲು. ಈಗ ಹೇಳು, ಯಾರ ಮಾತನ್ನ ಪುಟಕ್ಕೆ ಹಾಕ್ಲಿ?"

ನಾನು ಬೋರ್ಸೊಕ್ ಒಂದನ್ನು ಮುರಿದು ಚಹಾಕ್ಕೆ ಅದ್ದಿದೆ.

ಅವರ ಕತೆಯನ್ನು ಅಲ್ಲಿ ಸ್ವಲ್ಪ, ಆಮೇಲೆ ಸ್ವಲ್ಪ ಕೇಳಿದೆ. ಹುಟ್ಟಿದ್ದು ಅತ್‌ಬಾಶಿಯಲ್ಲಿ. ಹುಲ್ಲು ಕೊಯ್ಯಲು, ಕುರಿ ಹಿಂದೆ ಓಡಲು ಆಗದ ಹುಡುಗಿಯೆಂದು ಪೇಟೆಗೆ ಓದಲು ಕಳುಹಿಸಿದರು. ಮೂವತ್ಮೂರು ವರ್ಷ ವೈದ್ಯಕೀಯ ಗ್ರಂಥಾಲಯವೊಂದರಲ್ಲಿ ಕೆಲಸ. ಡಾಕ್ಟರುಗಳು ಬಂದು "ಕಾಮಾಲೆ ಬಗ್ಗೆ ಹೊಸದೇನಿದೆ, ಕಲಿಪಾ?" ಎಂದರೆ ಪುಸ್ತಕ, ಲೇಖನಗಳ ವಿವರ ಬರೆದಿಟ್ಟ ಚೀಟಿಪೆಟ್ಟಿಗೆ ಎಳೆದು, ನಿಮಿಷದಲ್ಲಿ ಹೇಳುವರು. ಕಂಪ್ಯೂಟರ್ ಬಂದ ಮೇಲೆ ಚೀಟಿಪೆಟ್ಟಿಗೆಗಳನ್ನು ಹಿತ್ತಲಿಗೆ ಎಸೆದರು. ಅವರು ಹನ್ನೆರಡನ್ನು ಮನೆಗೆ ಹೊರಿಸಿಕೊಂಡು ಹೋದರು. ನಿವೃತ್ತಿಯಾದ ಚಳಿಗಾಲದಲ್ಲಿ ಮನೆಯಲ್ಲಿ ಕೂರಲಾಗದೆ ವಿಶ್ವಕೋಶಕ್ಕೆ ಬಂದವರು. ಆಗ ಕಿರ್ಗಿಜ್‌ನಲ್ಲಿ ಜ್ವರದ ಬಗ್ಗೆಯೂ ಪುಟವಿರಲಿಲ್ಲವಂತೆ. "ಮಗೂಗೆ ಭೇದಿ ಅಂತ ತಾಯಿ ಹುಡುಕಿದ್ರೆ ನಮ್ಮ ಭಾಷೇಲಿ ಖಾಲಿ ಹಾಳೆ ಬರೋದು, ಪೆರಿಜಾತ್. ಖಾಲಿ ಹಾಳೆ ನೋಡಿದ್ರೆ ನಂಗೆ ಆಗಲ್ಲ," ಎಂದರು.

ಹೊರಡುವ ಮುಂಚೆ ಅಪಾ ತೋರಿಸಿದ ಕ್ಯಾಲೆಂಡರಿನ ಫೋಟೋ ತೋರಿಸಿದೆ. "ಎಜೆ, ನಮ್ಮ ಅಪಾ ನಂಬಿರೋದು ಇದನ್ನೇ. ವಿಜ್ಞಾನಿಗಳಂತೆ. ಯಾವ ವಿಜ್ಞಾನಿಗಳು ಅಂತ ನೀವೇ ಹುಡುಕಿಕೊಡಿ."

ಅವರು ಕನ್ನಡಕ ಏರಿಸಿ ಓದಿದರು. "ಇದು ಅಗಾಯ್ ಹಿಡ್ಕೊಂಡು ಕೂತಿರೋ ಪತ್ರಿಕೆ ಮಾತೇ. ಪತ್ರಿಕೆಗೆ ಎಲ್ಲಿಂದ ಬಂತು ನೋಡೋಣ." ಪತ್ರಿಕೆಯ ಲೇಖನ ಆರು ವರ್ಷದ ಹಿಂದಿನ ಏಪ್ರಿಲ್ ತಿಂಗಳಿನದು. ವಿಶ್ವಕೋಶದಲ್ಲಿ ಪ್ರತಿ ಪುಟಕ್ಕೂ ಇತಿಹಾಸವಿದೆ. ಯಾವ ಸಾಲನ್ನು ಯಾರು, ಎಂದು ಬರೆದರು ಎಂಬುದು ಅಲ್ಲಿ ಅಳಿಯದೆ ಉಳಿಯುತ್ತದೆ. ಎಜೆ ಹಿಂದಕ್ಕೆ ಹಿಂದಕ್ಕೆ ಹೋದರು. ಏಪ್ರಿಲ್‌ನಲ್ಲಿ ಆ ಸಾಲು ಇತ್ತು. ಮಾರ್ಚ್‌ನಲ್ಲೂ ಇತ್ತು. ಅಂದರೆ ಪತ್ರಿಕೆಯವರೇ ವಿಶ್ವಕೋಶದಿಂದ ನಕಲು ಹೊಡೆದಿದ್ದರು. ಆಮೇಲೆ ಅಗಾಯ್ ಅದೇ ಪತ್ರಿಕೆಯನ್ನು ತಂದು ವಿಶ್ವಕೋಶದ ಸಾಲಿಗೆ ಆಧಾರವೆಂದು ಕೊಟ್ಟಿದ್ದರು. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡು ಕೂತಿತ್ತು. ಹಾಗಾದರೆ ಮೊದಲು ಬರೆದವರು ಯಾರು? ಅದೇ ವರ್ಷದ ಜನವರಿ ಒಂಬತ್ತನೇ ತಾರೀಕು. ಆಧಾರದ ಜಾಗ ಖಾಲಿ. ಬರೆದವರ ಹೆಸರು: ಕಲಿಪಾ.

ಅವರ ಭುಜದ ಮೇಲಿಂದ ನಾನೂ ಓದಿದೆ. ನಾನು ಓದಿದ್ದು ಅವರಿಗೂ ಗೊತ್ತಾಯಿತು.

"ಏನಾಯ್ತೇ, ಸಿಕ್ತಾ?" ಎಂದರು ಅಗಾಯ್.

ಎಜೆ ಲ್ಯಾಪ್‌ಟಾಪ್ ಮುಚ್ಚಿದರು. "ನಂಗೆ ಸ್ವಲ್ಪ ಕೆಲಸ ಇದೆ. ಬಟ್ಟಲು ನೀವೇ ತೊಳೆದಿಡಿ," ಎಂದು ಕೋಟು ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುವ ಸದ್ದು ಕೇಳಿಸುತ್ತಿತ್ತು.

ಅಲ್ಲಿಂದ ನನ್ನ ಚಡಪಡಿಕೆ ಇಮ್ಮಡಿಯಾಯಿತು. ಭಾನುವಾರ ನೋಡಿದೆ, ಪುಟದಲ್ಲಿ ಸಾಲು ಹಾಗೇ ಇದೆ. ಸೋಮವಾರವೂ ಹಾಗೇ. ದಿನಕ್ಕೆ ಇಪ್ಪತ್ತು ಕಡೆ ತಿದ್ದುತ್ತಿದ್ದ ಕಲಿಪಾ ಎಂಬ ಹೆಸರು ಎಲ್ಲೂ ಇಲ್ಲ. ಫೋನ್ ಎತ್ತುತ್ತಿಲ್ಲ. ಇತ್ತ ಅಪಾ ಬೇಶಿಕ್‌ನ ಹಾಸಿಗೆಗೆ ಹೊಸ ಹತ್ತಿ ತುಂಬಿ, ಎರಡೂ ಪಟ್ಟಿಗಳನ್ನು ಒಗೆದು, ಇಸ್ತ್ರಿ ಮಾಡಿ, ಕುರ್ಚಿಯ ಬೆನ್ನಿಗೆ ನೇತುಹಾಕಿದರು. ನಾನು ಹೋಗುತ್ತ ಬರುತ್ತ ಕೆಳಗಿನ ಪಟ್ಟಿಯನ್ನು ಮುಟ್ಟಿ ನೋಡುತ್ತಿದ್ದೆ. ಅದನ್ನು ಕಸದ ಬುಟ್ಟಿಗೆ ಹಾಕಿಬಿಡಲೇ ಎಂದು ಎಷ್ಟೋ ಸಲ ಅನಿಸಿತು. ಹಾಕಿದರೆ ಸಂಜೆಯೊಳಗೆ ಇನ್ನೊಂದು ಹೊಲಿಯುತ್ತಾರೆ.

ಬೇಶಿಕ್ ಹಬ್ಬಕ್ಕೆ ಎರಡು ದಿನ ಇರುವಾಗ ಫೋನ್ ಬಂತು.

"ಹುಡುಕ್ತಾ ಇದ್ದೆ, ಬಾಲಮ್," ಎಂದರು ಎಜೆ. "ಎಲ್ಲೋ ಒಂದು ಹಳೇ ಪುಸ್ತಕ ನೋಡೇ ಬರೆದಿರ್ತೀನಿ ಅಂದ್ಕೊಂಡೆ. ಮನೇಲಿರೋ ಪೆಟ್ಟಿಗೆ ಹನ್ನೆರಡನ್ನೂ ಸುರಿದೆ. ಹಳೇ ಗ್ರಂಥಾಲಯದ ಉಗ್ರಾಣಕ್ಕೂ ಹೋಗ್ಬಂದೆ. ಎಲ್ಲೂ ಇಲ್ಲ. ಆ ಜನವರೀಲಿ ವಿಶ್ವಕೋಶಕ್ಕೆ ಪುಟ ಬರೆಯೋ ಸ್ಪರ್ಧೆ ಇತ್ತು, ತಿಂಗಳಲ್ಲಿ ನಲವತ್ತು ಪುಟ ಬರೆದೆ. ಬೇಶಿಕ್ ಅಂದಾಗ ನಮ್ಮಮ್ಮನ ಮಾತು ಬಂದಿರ್ಬೇಕು ಬಾಯಿಗೆ. ಸಡಿಲ ಕಟ್ಟಿದ್ಕೇ ಹೀಗಾಯ್ತು, ನೇರ ಕಟ್ಟಿದ್ರೆ ನೆಟ್ಟಗೆ ಬೆಳೀತಿದ್ದೆ ಅಂತಿದ್ಲಲ್ಲ. ಅಮ್ಮನ ಅಳುವಿಗೆ 'ವಿಜ್ಞಾನಿಗಳು' ಅಂತ ಒಂದು ಟೊಪ್ಪಿ ಹಾಕಿ ನಿಲ್ಲಿಸಿಬಿಟ್ಟೆ."

ನಾನು ಸಮಾಧಾನ ಹೇಳಬೇಕಿತ್ತು. ಹೇಳಲಿಲ್ಲ. "ಎಜೆ, ಇದನ್ನ ನಮ್ಮ ಅಪಾ ಎದುರಿಗೆ ಹೇಳಿ. ನಾಡಿದ್ದು ಬನ್ನಿ," ಎಂದೆ.

"ಬೇಶಿಕ್ ಮುಂದೆ ಕುಂಟಿ ಬಂದು ಕೂತ್ರೆ ನಿಮ್ಮತ್ತೆ ಒಪ್ತಾರಾ?"

"ಅಲ್ಟ್ರಾಸೌಂಡ್‌ಗೆ ಅಲ್ಲಿಂದ ಇನ್ನೂ ಇಪ್ಪತ್ತು ದಿನ ಇದೆ, ಎಜೆ."

"ಬರ್ತೀನಿ," ಎಂದರು.

ಅಂದು ಬೆಳಿಗ್ಗೆಯಿಂದಲೇ ಹೆಂಗಸರು ತುಂಬಿದ್ದರು. ನಡುಮನೆಯ ಕಂಬಳಿಯ ಮೇಲೆ ಸಿಹಿತಿಂಡಿ, ಬೋರ್ಸೊಕ್, ಕೆನೆ, ಜಾಮ್. ಗ್ರಂಥಾಲಯದ ಎಜೆ ಎಂದು ಪರಿಚಯ ಮಾಡಿಸಿದೆ. ಅಪಾ ಅವರ ಕಾಲನ್ನು ಒಮ್ಮೆ ನೋಡಿ, ಮುಖವನ್ನು ಒಮ್ಮೆ ನೋಡಿ, "ಬನ್ನಿ, ಮೇಲೆ ಬನ್ನಿ," ಎಂದು ಬಾಯಿಮಾತಿಗೆ ಕರೆದು, ಬಾಗಿಲ ಹತ್ತಿರದ ಕೊನೆಯ ಜಾಗದಲ್ಲೇ ಕೂರಿಸಿದರು. ಅರ್ಚಾ ಸೊಪ್ಪಿನ ಹೊಗೆಯನ್ನು ಬೇಶಿಕ್‌ನ ಸುತ್ತ ಮೂರು ಸಲ ಸುತ್ತಿಸಿದ್ದಾಯಿತು. ನಾಲ್ಕು ಮಕ್ಕಳನ್ನು ಹೆತ್ತು ನೆಟ್ಟಗೆ ಬೆಳೆಸಿದವರೆಂದು ಮಗುವನ್ನು ಮಲಗಿಸುವ ಗೌರವ ಅಪಾಗೇ ಬಂತು.

ಪದ್ಧತಿಯಂತೆ ಮೊದಲು ಸಾಲ್ಕಿನ್‌ಳನ್ನು ಬೇಕೆಂದೇ ತಲೆಕೆಳಗು ದಿಕ್ಕಿಗೆ ಮಲಗಿಸಿ, "ಸರಿನಾ?" ಎಂದು ಕೂಗಿದರು.

"ತಪ್ಪು!" ಎಂದು ಎಲ್ಲರೂ ಕೂಗಿದರು.

ಅಡ್ಡ ಇಟ್ಟು, "ಈಗ ಸರಿನಾ?"

"ತಪ್ಪು! ತಪ್ಪು!" ನಗುವೋ ನಗು.

ಮೂರನೇ ಸಲ ತಲೆಯನ್ನು ದಿಂಬಿಗಿಟ್ಟು, ಕೈಗಳನ್ನು ಪಕ್ಕಕ್ಕೆ ಸೇರಿಸಿ ಎದೆಯ ಪಟ್ಟಿ ಕಟ್ಟಿದರು. ಆಮೇಲೆ ಕಾಲು. ಬಲಮಂಡಿಯನ್ನು ಒತ್ತಿದಾಗ ಸಾಲ್ಕಿನ್ ಮುಖ ಹಿಂಡಿದಳು. ಎರಡೂ ಕಾಲು ಜೋಡಿಸಿ, ನೇರಕ್ಕೆಳೆದು, ಕೆಳಗಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದರು.

"ಈಗ ಸರಿನಾ?"

"ಸರಿ!" ಎಂದು ಮನೆಯೆಲ್ಲ ಕೂಗಿತು.

ಬಾಗಿಲ ಹತ್ತಿರದಿಂದ ಒಂದು ಧ್ವನಿ ಮಾತ್ರ ತಡವಾಗಿ ಬಂತು. "ತಪ್ಪು."

ಪದ್ಧತಿಯಂತೆ ಬೇಶಿಕ್ ಮೇಲೆ ಸಿಹಿ ಎರಚಲು ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಅಪಾ ನಿಧಾನಕ್ಕೆ ತಿರುಗಿದರು. "ಯಾರದು?"

"ನಾನು," ಎಂದರು ಕಲಿಪಾ ಎಜೆ. ಗೋಡೆ ಹಿಡಿದು ಎದ್ದು ನಿಂತರು. "ನಿಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ ಅಂತ ಇದೆಯಲ್ಲ, ಆ ಸಾಲು ಬರೆದೋಳು ನಾನು. ನಾನು ವಿಜ್ಞಾನಿ ಅಲ್ಲ. ಹಿಂದೆ ಯಾವ ವಿಜ್ಞಾನಿಯೂ ಇರ್ಲಿಲ್ಲ. ಆರು ವರ್ಷದ ಹಿಂದೆ ವಿಶ್ವಕೋಶಕ್ಕೆ ಬರೆದೆ, ಪತ್ರಿಕೆಯೋರು ತಗೊಂಡ್ರು, ಅಂಗಡಿಯೋರು ಅವರಿಂದ ತಗೊಂಡ್ರು."

"ಅಂದ್ರೆ ಈ ವರ್ಷ ಜನವರಿಯಿಂದ ನಾನು ನಿನ್ನ ಸುಳ್ಳನ್ನ ಗೋಡೆಗೆ ನೇತುಹಾಕ್ಕೊಂಡಿದೀನಾ?"

"ಸುಳ್ಳು ಅಂತ ಗೊತ್ತಿರ್ಲಿಲ್ಲ. ನಿಜ ಅಂತಾನೂ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದೆ."

"ಚೆನ್ನಾಗಿದೆ!" ಅಪಾ ಸೊಂಟದ ಮೇಲೆ ಕೈಯಿಟ್ಟರು. "ಆಗ ಬರೆದಿದ್ದು ತಪ್ಪಾದ್ರೆ ಈಗ ಹೇಳ್ತಿರೋದು ಸರಿ ಅಂತ ನಾನು ಯಾವ ಮುಖ ನೋಡಿ ನಂಬ್ಲಿ? ನಾಲ್ಕು ಮಕ್ಕಳನ್ನ ಇದ್ರಲ್ಲೇ ಬೆಳೆಸಿದೀನಿ ನಾನು. ನೀನು ಕಾಗದದಲ್ಲಿ ಬೆಳೆಸಿದೀಯ."

"ನನ್ನ ನಂಬ್ಬೇಡಿ." ಎಜೆ ಚೀಲದಿಂದ ಮುದ್ರಿಸಿ ತಂದಿದ್ದ ಹಾಳೆಗಳನ್ನು ತೆಗೆದರು. "ಇದು ಒಬ್ಬರು ಬರೆದಿದ್ದಲ್ಲ, ಒಂದು ಊರಿನದೂ ಅಲ್ಲ. ಬೇರೆ ಬೇರೆ ದೇಶದ ಅಧ್ಯಯನಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾರೆ. ಎಳೇ ಮಗುವಿನ ಕಾಲನ್ನ ನೇರಕ್ಕೆಳೆದು ಬಿಗಿದ್ರೆ ಸೊಂಟದ ಕೀಲು ಸರಿಯಾಗಿ ಕೂರದೇ ಹೋಗೋ ಅಪಾಯ ಹೆಚ್ಚು ಅಂತಾರೆ. ಮಂಡಿ ಮಡಚಕ್ಕೆ, ತೊಡೆ ಅಗಲಿಸಕ್ಕೆ ಜಾಗ ಬಿಡಿ ಅಂತಾರೆ."

ಅಪಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇಂಗ್ಲಿಷ್ ಅವರಿಗೆ ಬಾರದು. ಆದರೆ ಅಪಾ ನಲವತ್ತು ವರ್ಷ ಸಂತೆಯಲ್ಲಿ ಬಟ್ಟೆ ಮಾರಿದವರು. ಮಾಲಿನ ಯಾವ ಅಂಚನ್ನು ಹಿಡಿದು ಎಳೆಯಬೇಕೆಂದು ಚೆನ್ನಾಗಿ ಗೊತ್ತು. "ಇದ್ರಲ್ಲಿ ಬೇಶಿಕ್ ಅಂತ ಎಲ್ಲಿದೆ? ತೋರ್ಸು."

ನನಗೆ ಓಡಿಹೋಗಿ ಎಜೆಯ ಬಾಯಿ ಮುಚ್ಚಬೇಕೆನಿಸಿತು. 'ಇಲ್ಲಿದೆ' ಎಂದು ಯಾವುದಾದರೂ ಸಾಲಿಗೆ ಬೆರಳಿಟ್ಟರೆ ಸಾಕಿತ್ತು. ಅಲ್ಲಿದ್ದ ಯಾರಿಗೂ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನನ್ನನ್ನು ಬಿಟ್ಟರೆ.

"ಇಲ್ಲ," ಎಂದರು ಎಜೆ. "ಬೇರೆ ದೇಶದ ತೊಟ್ಟಿಲು ಇದೆ, ಬಟ್ಟೆಸುತ್ತು ಇದೆ. ಬೇಶಿಕ್ಕನ್ನೇ ಇಟ್ಕೊಂಡು ಮಾಡಿದ ದೊಡ್ಡ ಅಧ್ಯಯನ ನಂಗೆ ಸಿಕ್ಕಿಲ್ಲ. ಚಿಕ್ಕಪುಟ್ಟವು ಇವೆ. ಅವನ್ನ ನೆಚ್ಕೊಳಕ್ಕಾಗಲ್ಲ."

ಮುಗಿಯಿತು ಎಂದುಕೊಂಡೆ. ಹೆಂಗಸರಲ್ಲಿ ಗುಸುಗುಸು. ಯಾರೋ ಕಿಸಕ್ಕೆಂದರು. ಅಪಾ ಮಾತ್ರ ನಗಲಿಲ್ಲ. ಹಾಳೆಯನ್ನು ಮಡಚಿ ವಾಪಸ್ ಕೊಟ್ಟು, ಎಜೆಯ ಮುಖವನ್ನೇ ನೋಡುತ್ತ ನಿಂತರು. ಸಂತೆಯಲ್ಲಿ, 'ಈ ಬಣ್ಣ ಬಿಡುತ್ತೆ' ಎಂದು ತಾನೇ ಹೇಳುವ ವ್ಯಾಪಾರಿಯನ್ನು ನೋಡುವ ಹಾಗೆ.

"ನಿನ್ನ ಕಾಲಿಗೇನಾಯ್ತು?" ಎಂದರು ಕೊನೆಗೆ.

"ಗೊತ್ತಿಲ್ಲ," ಎಂದರು ಎಜೆ. "ಯಾರೂ ಸರಿಯಾಗಿ ನೋಡ್ಲಿಲ್ಲ."

ಅಪಾ ಬೇಶಿಕ್‌ನ ಮುಂದೆ ಮಂಡಿಯೂರಿದರು. ಸಾಲ್ಕಿನ್ ಅಳಲು ಶುರು ಮಾಡಿದ್ದಳು. ಕೆಳಗಿನ ಗಂಟನ್ನು ಉಗುರಿನಿಂದ ಎಬ್ಬಿಸಿ, ಪಟ್ಟಿಯನ್ನು ಎಳೆದು ತೆಗೆದು ಹೆಗಲ ಮೇಲೆ ಹಾಕಿಕೊಂಡರು. ಸಾಲ್ಕಿನ್‌ಳ ಮಂಡಿಗಳು ಸ್ಪ್ರಿಂಗಿನ ಹಾಗೆ ಮೇಲೆದ್ದು, ಆಚೀಚೆ ವಾಲಿದವು.

"ಅಲ್ಟ್ರಾಸೌಂಡ್ ಆಗೋವರ್ಗೂ ಕಾಲು ಬೇಡ," ಎಂದು ಯಾರ ಮುಖವನ್ನೂ ನೋಡದೆ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಗದರಿದರು: "ಬಾಯಿ ಬಿಟ್ಕೊಂಡು ಏನು ನೋಡ್ತೀರಾ? ಸರಿನಾ?"

"ಸರಿ," ಎಂದರು ಕೆಲವರು, ಅರ್ಧ ಧ್ವನಿಯಲ್ಲಿ. ಸಿಹಿ ಎರಚಿದರು. ಕಲಿಪಾ ಎಜೆ ಗೋಡೆಗೊರಗಿ ಕೂತರು. ಅವರ ಹಣೆಯ ಮೇಲೆ ಬೆವರಿತ್ತು.

ಮರುದಿನ ಚರ್ಚೆಪುಟದಲ್ಲಿ ಅವರ ಹೆಸರಿನಲ್ಲಿ ಒಂದು ಬರಹ ಬಂತು. ಸಾಲು ಬರೆದ ತಾರೀಕು, ಆಧಾರ ಇರಲಿಲ್ಲ ಎಂಬುದು, ಪತ್ರಿಕೆ ಅದನ್ನು ನಕಲು ಮಾಡಿದ್ದು, ಎಲ್ಲ ಇತ್ತು. ಕೊನೆಗೆ, 'ಆ ಜನವರಿಯ ನನ್ನ ಉಳಿದ ಮೂವತ್ತೊಂಬತ್ತು ಪುಟಗಳನ್ನೂ ಇನ್ನೊಬ್ಬರು ನೋಡಬೇಕು' ಎಂದು ಬರೆದಿದ್ದರು. ಕೆಳಗೆ ಝೊರೊಬೆಕ್ ಅಗಾಯ್ ಉತ್ತರಿಸಿದ್ದರು: 'ಹಾಗಾದರೆ ನಾನು ಇಷ್ಟು ದಿನ ನಿನ್ನ ಸಾಲನ್ನು ಉಳಿಸಲು ನಿನ್ನ ಜೊತೆಯೇ ಕಾದಾಡಿದೆನೇ? ಆಯಿತು. ಹತ್ತು ಪುಟ ನಾನು ನೋಡುತ್ತೇನೆ. ಬೇಶಿಕ್ ಮಾತ್ರ ನಮ್ಮ ಹೆಮ್ಮೆ, ಅದರಲ್ಲಿ ಬದಲಾವಣೆ ಇಲ್ಲ.' ಹೊಸ ಸಾಲು ಏನಿರಬೇಕೆಂದು ಅವರಿಬ್ಬರು ಒಂಬತ್ತು ದಿನ ಜಗಳವಾಡಿದರು. ನಾನೂ ಮಧ್ಯೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡೆ. ಪತ್ರಿಕೆಗೆ ಎಜೆ ಬರೆದ ಪತ್ರಕ್ಕೆ ಈವರೆಗೆ ಉತ್ತರವಿಲ್ಲ.

ಇಪ್ಪತ್ತನೆಯ ದಿನ ಅಲ್ಟ್ರಾಸೌಂಡ್. ಎಡಗಡೆ ಸರಿ, ಬಲಗಡೆಯ ಕೀಲು ಇನ್ನೂ ಪೂರ್ತಿ ಬಲಿತಿಲ್ಲ ಎಂದರು ಡಾಕ್ಟರ್. "ಕಾಲು ಕಟ್ಟಿ ಮಲಗಿಸ್ತಿದ್ರಾ?"

"ಇಲ್ಲ," ಎಂದೆವು ಅಪಾ ಮತ್ತು ನಾನು, ಒಟ್ಟಿಗೆ.

"ಕಟ್ಬೇಡಿ. ಅಗಲಕ್ಕೆ ಬಿಡಿ. ತಿಂಗಳು ಬಿಟ್ಟು ಬನ್ನಿ."

ಆ ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ತಿಂಗಳ ಮೇಲೆ ಮತ್ತೆ ಹೋದಾಗ ಡಾಕ್ಟರ್ ಪರದೆಯ ಮೇಲೆ ಗೆರೆ ಎಳೆದು, ಕೋನ ಅಳೆದು, "ಎರಡೂ ಸರಿಯಾಗಿವೆ, ಹೋಗಿ," ಎಂದರು. ನನಗೆ ಅಷ್ಟು ಸಾಲದು. ಕಟ್ಟದೇ ಇದ್ದುದರಿಂದ ಸರಿಹೋಯಿತೇ, ತಾನಾಗಿಯೇ ಸರಿಹೋಗುತ್ತಿತ್ತೇ ಎಂದು ಕೇಳಿದೆ. ತಾನಾಗಿ ಬಲಿಯುವುದೂ ಉಂಟು, ಹೇಳಲಾಗದು ಎಂದು ಮುಂದಿನವರ ಚೀಟಿ ಕೈಗೆತ್ತಿಕೊಂಡರು. ಬಾಗಿಲ ಹೊರಗೇ ನಿಂತು ಎಜೆಗೆ ಫೋನ್ ಮಾಡಿ, ಅದನ್ನೇ ಕೇಳಿದೆ. "ಒಂದು ಮಗುವಿಂದ ಅದು ಗೊತ್ತಾಗಲ್ಲ, ಪೆರಿಜಾತ್. ಗೊತ್ತಾಗದೇನೂ ಇರಕ್ಕೆ ಕಲಿ," ಎಂದರು. ಆಮೇಲೆ ಮೂಗು ಸೀಟಿದ ಸದ್ದು ಕೇಳಿತು. ನಾನಿನ್ನೂ ಕಲಿತಿಲ್ಲ.

ಫೋನ್ ಇಟ್ಟು ನೋಡಿದರೆ ಅಪಾ ಪಕ್ಕದಲ್ಲಿಲ್ಲ. ಉದ್ದದ ಬೆಂಚಿನ ತುದಿಯಲ್ಲಿ, ಮಗುವನ್ನು ಕಡ್ಡಿಯ ಹಾಗೆ ಬಿಗಿಯಾಗಿ ಸುತ್ತಿಕೊಂಡು ಕೂತ ಒಬ್ಬ ಚಿಕ್ಕ ವಯಸ್ಸಿನ ಹೆಂಗಸಿನ ಪಕ್ಕ ಹೋಗಿ ಕೂತಿದ್ದರು. ಸಾಲ್ಕಿನ್ ಅವರ ಸೊಂಟದ ಮೇಲೆ ಕಾಲು ಅಗಲಿಸಿಕೊಂಡು ಕೂತಿದ್ದಳು.

"ಮೇಲೆ ಎಷ್ಟಾದ್ರೂ ಸುತ್ತು, ಬಾಲಮ್. ಕಾಲು ಮಾತ್ರ ಬಿಡು," ಎನ್ನುತ್ತಿದ್ದರು. "ನನ್ನ ಮಾತು ಕೇಳ್ಬೇಡ. ಒಳಗೆ ಡಾಕ್ಟರ್ ಇದಾರೆ, ಅವ್ರನ್ನೇ ಕೇಳು."

"ಬೇಶಿಕ್‌ನಲ್ಲೂ ಬಿಡ್ಬೇಕಾ, ಅಪಾ? ನಮ್ಮತ್ತೆ ಒಪ್ಪಲ್ಲ."

ಅಪಾ ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡರು.

"ಬೇಶಿಕ್ ಬಗ್ಗೆ ಇನ್ನೂ ಯಾರೂ ಸರಿಯಾಗಿ ನೋಡಿಲ್ವಂತೆ," ಎಂದರು. "ನೋಡೋವರ್ಗೂ ಕೆಳಗಿನ ಪಟ್ಟಿ ಕಟ್ಬೇಡ."